ಚರವಾಣಿಗತ ಭಾವಚಿತ್ರಗಳ ಕಾಗದಾವತರಣ ಮೀಮಾಂಸೆ

ಶೀರ್ಷಿಕೆಯಲ್ಲೇ ದೋಷವಿದೆಯೆಂದು ವೈಯಾಕರಣರು ತಕರಾರು ತೆಗೆಯಬಹುದು. ‘ಕಾಗದ’ ಪಾರಸಿ ಮೂಲದ್ದು, ‘ಅವತರಣ’ ಸಂಸ್ಕೃತದ್ದು. ಬೆಸೆದರೆ ಅರಿಸಮಾಸದ ವಾಸನೆ. ಒಪ್ಪಿದೆ. ಆದರೆ ಫೋನಿಗೂ ಸ್ಟುಡಿಯೋಗೂ ಇರುವ ನಂಟೂ ಅದೇ ಜಾತಿಯದಾದ್ದರಿಂದ ತಿದ್ದುಪಡಿ ಕೈಬಿಡಲಾಗಿದೆ.

ಈ ಶಾಸ್ತ್ರದ ಹುಟ್ಟಿಗೆ ಅಮ್ಮ ಕಾರಣ. ತಂಗಿಯ ಮಗಳ ನಾಮಕರಣದ ಮುನ್ನೂರು ಚಿಲ್ಲರೆ ಚಿತ್ರಗಳನ್ನು ಬೆರಳಲ್ಲಿ ಸರಿಸಿ ಸರಿಸಿ ತೋರಿಸಿದೆ. ಅಮ್ಮ ಕೊನೆಯವರೆಗೂ ನೋಡಿ, ಕನ್ನಡಕ ತೆಗೆದು, “ಎಲ್ಲಾ ಸರಿ ಕಣೋ, ಫೋಟೋ ಎಲ್ಲಿ?” ಎಂದರು. ಪ್ರತ್ಯಕ್ಷವೊಂದೇ ಪ್ರಮಾಣವೆಂದ ಚಾರ್ವಾಕರಿಗಿಂತ ಇದು ಕಠಿಣ ನಿಲುವು. ಕಣ್ಣಿಗೆ ಕಂಡರೆ ಸಾಲದು, ಶೋಕೇಸಿನಲ್ಲಿ ನಿಲ್ಲಬೇಕು.

ನೈಯಾಯಿಕರು ‘ಇಲ್ಲ’ ಎಂಬುದನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಅವರ ಬಳಿ ಮೊಬೈಲ್ ಇರಲಿಲ್ಲವೆಂದರೆ ನಂಬುವುದು ಕಷ್ಟ. “ಮುಂದಿನ ವಾರ ಪ್ರಿಂಟ್ ಹಾಕಿಸೋಣ” ಎಂಬಲ್ಲಿರುವುದು ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಅಂತ್ಯವುಂಟು ಎನ್ನುತ್ತದೆ ತರ್ಕ. ನಮ್ಮ ಮನೆಯಲ್ಲಿ ಅಂತ್ಯವೂ ಕಂಡಿರಲಿಲ್ಲ. ಫೋನು ಬಚ್ಚಲ ಬಕೆಟ್ಟಿಗೆ ಬಿದ್ದ ನಂತರದ್ದು ಪ್ರಧ್ವಂಸಾಭಾವ. ಎಲ್ಲರ ಫೋಟೋ ತೆಗೆದವಳು ನನ್ನ ಹೆಂಡತಿ. ಆ ಮುನ್ನೂರರಲ್ಲಿ ಒಂದರಲ್ಲೂ ಅವಳಿಲ್ಲ. ಅತ್ಯಂತಾಭಾವಕ್ಕೆ ಆಕಾಶಕುಸುಮ, ಮೊಲದ ಕೊಂಬು ಎಂದು ಇನ್ನು ಹುಡುಕಬೇಕಿಲ್ಲ. ನಾಲ್ಕನೆಯದು ಅನ್ಯೋನ್ಯಾಭಾವ: ಅದು ಇದಲ್ಲ, ಇದು ಅದಲ್ಲ. ಸ್ಟುಡಿಯೋದ ಕವರು ಬಿಚ್ಚಿದಾಗ ಇದರ ದರ್ಶನವಾಗುತ್ತದೆ.

(ಪ್ರಾಸಂಗಿಕವಾಗಿ: 1997ರ ಜೂನ್ 11ರಂದು ಕ್ಯಾಲಿಫೋರ್ನಿಯಾದಲ್ಲಿ ಫಿಲಿಪ್ ಕಾನ್ ಎಂಬಾತ ಫೋನಿಗೆ ಕ್ಯಾಮೆರಾ ಜೋಡಿಸಿ, ಆಗತಾನೇ ಹುಟ್ಟಿದ ಮಗಳ ಚಿತ್ರವನ್ನು ಬಂಧುಮಿತ್ರರಿಗೆ ರವಾನಿಸಿದ. ಅಂದಿನಿಂದ ಸಂಪ್ರದಾಯ ಕೆಟ್ಟಿಲ್ಲ.)

“ವಾಟ್ಸಾಪ್ ಮಾಡಿಬಿಡಿ ಸಾರ್” ಎಂದರು ಸ್ಟುಡಿಯೋದವರು. ಮಾಡಿದೆ. ನೋಡಿ, “ಇದು ಯಾರದೋ ಸ್ಟೇಟಸ್‌ದು ಸ್ಕ್ರೀನ್‌ಶಾಟ್ ಅಲ್ವಾ?” ಎಂದರು. ಹೌದು, ಭಾವನ ಸ್ಟೇಟಸ್ಸಿನದು; ಮೂಲ ಹುಡುಕುವ ಸೋಮಾರಿತನ. ಇಲ್ಲಿ ಸ್ವಲ್ಪ ಗಣಿತ ಅನಿವಾರ್ಯ. ನಾಲ್ಕು ಇಂಚು ಅಗಲ, ಆರು ಇಂಚು ಉದ್ದದ ಪ್ರಿಂಟು ಚೊಕ್ಕವಾಗಿ ಬರಲು ಇಂಚಿಗೆ 300 ಚುಕ್ಕಿಯಂತೆ 1200 × 1800, ಅಂದರೆ 21.6 ಲಕ್ಷ ಪಿಕ್ಸೆಲ್ ಬೇಕು. 12 ಮೆಗಾಪಿಕ್ಸೆಲ್ ಫೋನಿನಲ್ಲಿರುವುದು 1.2 ಕೋಟಿ. ಕೋಟ್ಯಧಿಪತಿಯಾಗಿ ಮನೆಬಿಟ್ಟ ಚಿತ್ರ ವಾಟ್ಸಾಪ್ ಸುಂಕದಕಟ್ಟೆಯಲ್ಲಿ ಗಂಟು ಕಳೆದುಕೊಂಡು ಸ್ಟುಡಿಯೋ ಸೇರುತ್ತದೆ. ಅದೇ ಚಿತ್ರವನ್ನು ಫೋಟೋ ಎನ್ನದೆ ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಸುಂಕವಿಲ್ಲ. ವೇಷ ಮರೆಸಿಕೊಂಡರೆ ಮಾತ್ರ ನಿಜರೂಪ ಉಳಿಯುತ್ತದೆಂಬ ಈ ರಹಸ್ಯವನ್ನು ಸ್ಟುಡಿಯೋದವರು ಎರಡನೆಯ ಭೇಟಿಯಲ್ಲಿ ಉಪದೇಶಿಸಿದರು.

ಆ ಭೇಟಿಗೆ ಅಮ್ಮನೂ ಬಂದಿದ್ದರು. ಯಂತ್ರ ಕಾಗದವನ್ನು ಒಂದೇ ಸಲಕ್ಕೆ ಅಚ್ಚುಹಾಕುವುದಿಲ್ಲ. ಹಳದಿ, ಮೆಜೆಂಟಾ, ನೀಲಿ, ಕೊನೆಗೊಂದು ಪಾರದರ್ಶಕ ಲೇಪ ಎಂದು ನಾಲ್ಕು ಸಲ ಒಳಗೆಳೆದು ಹೊರಗೆ ಚಾಚುತ್ತದೆ. ಮೊದಲ ಸುತ್ತಿಗೆ ಕೂಸು ಅಪ್ಪಟ ಹಳದಿಯಾಗಿ ಇಣುಕಿತು. “ಅಯ್ಯೋ, ಕಾಮಾಲೆ! ಬೆಳಗ್ಗೆ ಬಿಸಿಲಿಗೆ ಹಿಡೀರಿ ಅಂತ ಬಡ್ಕೊಂಡೆ” ಎಂದು ಅಮ್ಮ ಎದ್ದೇಬಿಟ್ಟರು. “ಇನ್ನೂ ಮೂರು ಸುತ್ತಿದೆ, ಕೂತ್ಕೊಳ್ಳಿ ಅಮ್ಮಾ” ಎಂದರು ಅವರು. ಎರಡನೆಯ ಸುತ್ತಿಗೆ ಕೆನ್ನೆಗೆ ರಕ್ತ ಬಂತು. ಮೂರನೆಯದಕ್ಕೆ ಕಾಡಿಗೆ ಕಪ್ಪಾಯಿತು. ಅಮ್ಮನ ಉಸಿರು ಸರಿಹೋದದ್ದು ನಾಲ್ಕನೆಯದರಲ್ಲಿ.

ಉಳಿದದ್ದು ಪೇಟದ ಪ್ರಶ್ನೆ. ಫೋನಿನ ಚಿತ್ರದ ಅಳತೆ ನಾಲ್ಕಕ್ಕೆ ಮೂರು, ಈ ಕಾಗದದ್ದು ಮೂರಕ್ಕೆ ಎರಡು. ಕಾಗದ ತುಂಬಬೇಕಾದರೆ ಚಿತ್ರದಲ್ಲಿ ಒಂಬತ್ತನೆಯ ಒಂದು ಪಾಲು ಬಲಿಹೋಗಬೇಕು. ಯಾರ ಪಾಲೆಂದು ಯಂತ್ರ ಕೇಳುವುದಿಲ್ಲ. ಹಿಂದಿನ ಸಾಲಿನಲ್ಲಿ ಎಲ್ಲರಿಗಿಂತ ಎತ್ತರಕ್ಕೆ ನಿಂತಿದ್ದ ದೊಡ್ಡಪ್ಪ, ಮದುವೆಮನೆಗೂ ಕಟ್ಟದ ಮೈಸೂರು ಪೇಟ ಅಂದು ಕಟ್ಟಿದ್ದರು. ಈಗ ಹುಬ್ಬಿನಿಂದ ಕೆಳಗೆ ಮಾತ್ರ ದೊಡ್ಡಪ್ಪ.

ಪ್ರಿಂಟಿಗೆ ಇಪ್ಪತ್ತು ರೂಪಾಯಿ, ಫ್ರೇಮಿಗೆ ಇನ್ನೂರೈವತ್ತು. ಪೇಟ ಇನ್ನೂ ನನ್ನ ಫೋನಿನಲ್ಲೇ ಇದೆ. ನೋಡಬಯಸುವ ನೆಂಟರು ದಯವಿಟ್ಟು ಡಾಕ್ಯುಮೆಂಟ್ ಎಂದೇ ಕೇಳಬೇಕು.