ಮಾರ್ಗವಿಸ್ತಾರ ಮೀಮಾಂಸೆ ಅಥವಾ ದಶಪಥದ ಪಾಠಪರಿಷ್ಕರಣ

ನಮ್ಮ ವಿದ್ವಾಂಸರು ಶಾಸನ ಓದಿದ್ದಾರೆ, ವೀರಗಲ್ಲು ಓದಿದ್ದಾರೆ, ರಸ್ತೆ ಅಗಲ ಮಾಡುವವರು ಆ ವೀರಗಲ್ಲನ್ನು ಕಿತ್ತು ಚರಂಡಿ ಬದಿಗೆ ಉರುಳಿಸಿದಾಗ ಅದರ ಮೇಲೂ ಲೇಖನ ಬರೆದಿದ್ದಾರೆ. ರಸ್ತೆಯನ್ನು ಮಾತ್ರ ಯಾರೂ ಓದಿಲ್ಲ. ಈ ಕೊರತೆ ನೀಗಿಸಲೆಂದು ಪ್ರಸ್ತುತ ಪ್ರಬಂಧವು ಬೆಂಗಳೂರು–ಮೈಸೂರು ನಡುವಿನ ರಾಷ್ಟ್ರೀಯ ಹೆದ್ದಾರಿ 275ನ್ನು ಆಕರಗ್ರಂಥವಾಗಿ ಇಟ್ಟುಕೊಂಡಿದೆ. ಗ್ರಂಥದ ಉದ್ದ ಸುಮಾರು 118 ಕಿಲೋಮೀಟರ್. ಪ್ರಕಟಣೆಯ ವೆಚ್ಚ ಸುಮಾರು 8,480 ಕೋಟಿ ರೂಪಾಯಿ. ಲೋಕಾರ್ಪಣೆ 2023ರ ಮಾರ್ಚ್ 12ರಂದು, ಮಂಡ್ಯ ಜಿಲ್ಲೆಯಲ್ಲಿ, ಪ್ರಧಾನಿಯವರ ಹಸ್ತದಿಂದ. ವಿಧಾನಸಭೆ ಚುನಾವಣೆಗೆ ಆಗ ಎರಡು ತಿಂಗಳು ಬಾಕಿ. ಕೆಲವು ಪುಟ ಅಚ್ಚಾಗುವ ಮೊದಲೇ ಕೃತಿ ಬಿಡುಗಡೆಯಾಯಿತೆಂದು ಆಕ್ಷೇಪಿಸುವವರು ಕನ್ನಡ ಪುಸ್ತಕಲೋಕವನ್ನು ಕಂಡವರಲ್ಲ.

ಮೊದಲು ನಾಮನಿರ್ಣಯ. ಪತ್ರಿಕೆಗಳು ಇದನ್ನು ‘ದಶಪಥ’ ಎಂದವು. ನಡುವೆ ಆರು ಪಥ, ಎಡಬಲಕ್ಕೆ ಎರಡೆರಡು ಪಥದ ಸರ್ವಿಸ್ ರಸ್ತೆ, ಕೂಡಿದರೆ ಹತ್ತು. ಕೂಡುವುದು ಕಾಗದದ ಮೇಲೆ ಸುಲಭ. ನೆಲದ ಮೇಲೆ ಆರು ಪಥ ಒಂದು ಜಾತಿ, ನಾಲ್ಕು ಪಥ ಇನ್ನೊಂದು ಜಾತಿ, ನಡುವೆ ಬೇಲಿ. ಉದ್ಘಾಟನೆಯ ಹೊತ್ತಿಗೆ ಕೆಲವೆಡೆ ಸೇತುವೆ ಬಂದ ಕೂಡಲೇ ಸರ್ವಿಸ್ ರಸ್ತೆ ನಿಂತುಬಿಡುತ್ತಿತ್ತು. ಅದನ್ನು ಲೋಪಸಂಧಿ ಎಂದು ತಿಳಿಯತಕ್ಕದ್ದು.

ಇನ್ನು ಪೂರ್ವಪಕ್ಷ. ಹಳೆಯ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಹೊಟ್ಟೆಯೊಳಗಿಂದಲೇ ಹೋಗುತ್ತಿತ್ತು. ತಟ್ಟೆ ಇಡ್ಲಿ, ಬಣ್ಣದ ಬೊಂಬೆ, ಮದ್ದೂರು ವಡೆ ಎಂಬ ವ್ಯಾಖ್ಯಾನಗಳಿಲ್ಲದೆ ಮೂಲಪಾಠ ಮುಂದಕ್ಕೆ ಸಾಗುತ್ತಿರಲಿಲ್ಲ. ಮೂರು ಗಂಟೆ ಹಿಡಿಯುತ್ತಿತ್ತು. ಹೊಸ ಆವೃತ್ತಿ ಬೈಪಾಸ್‌ಗಳ ಮೂಲಕ ವ್ಯಾಖ್ಯಾನಗಳನ್ನೆಲ್ಲ ಕೈಬಿಟ್ಟು, 75 ನಿಮಿಷದ ಸುಲಭ ಪಾರಾಯಣ ಎಂದು ಸಾರಿತು. ವಡೆ ಮಾರುವವರು ಗೋಳಾಡಿದರು. ವ್ಯಾಖ್ಯಾನಕಾರರ ಗೋಳಿಗೆ ಸಂಪಾದಕರು ಕಿವಿಗೊಟ್ಟ ಉದಾಹರಣೆ ವಿರಳ.

ಈ 75 ನಿಮಿಷವನ್ನು ಕೊಂಚ ಬಿಡಿಸಿ ನೋಡಬೇಕು. 118 ಕಿಲೋಮೀಟರನ್ನು 75 ನಿಮಿಷದಲ್ಲಿ ಮುಗಿಸಲು ಸರಾಸರಿ ವೇಗ ಗಂಟೆಗೆ 94 ಕಿಲೋಮೀಟರ್ ಇರಬೇಕು. ಸರಾಸರಿ ಎಂದಮೇಲೆ ಟೋಲ್‌ಗೆ ನಿಧಾನಿಸಿದ್ದು, ಲಾರಿಯ ಹಿಂದೆ ಸಿಕ್ಕಿಕೊಂಡದ್ದು, ಮಗುವಿಗೆ ವಾಂತಿಯಾದದ್ದು ಎಲ್ಲವೂ ಒಳಗೇ ಬಂತು. ಕಾರಿನ ವೇಗದ ಮಿತಿ 100. ಆದ್ದರಿಂದ ಭರವಸೆಯನ್ನು ಅಕ್ಷರಶಃ ಪಾಲಿಸುವ ಭಕ್ತನು ಆಗಾಗ ಕಾನೂನನ್ನು ಅಕ್ಷರಶಃ ಮೀರಬೇಕಾಗುತ್ತದೆ. ನಾಡಿನ ರಸ್ತೆಬದಿಗಳಲ್ಲಿ ಬಹುಕಾಲದಿಂದ ನಿಂತಿರುವ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಫಲಕಶಾಸನವನ್ನು ಈ ಯೋಜನೆಯ ಪ್ರಚಾರದೊಂದಿಗೆ ತಾಳೆ ನೋಡಿದರೆ, ಎರಡೂ ಒಂದೇ ಸರ್ಕಾರಿ ಪರಂಪರೆಯವು ಎಂದು ನಂಬುವುದು ಕಷ್ಟ.

ಅಗಲದ ಲೆಕ್ಕ ಉದ್ದದ್ದಕ್ಕಿಂತ ಸ್ವಾರಸ್ಯ. ಒಂದು ಪಥಕ್ಕೆ ಮೂರೂವರೆ ಮೀಟರ್, ಆರಕ್ಕೆ 21. ಎಂಜಿನಿಯರುಗಳು ಪಾದಚಾರಿಯ ನಡಿಗೆಯನ್ನು ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. ಎಂದರೆ ಮೇವಿನ ಹೊರೆ ಹೊತ್ತ ಹೆಂಗಸು ನಡುವೆ ಎಲ್ಲೂ ನಿಲ್ಲದೆ ದಾಟಿದರೂ 17 ಸೆಕೆಂಡು ಮೀರುತ್ತದೆ. ಅಷ್ಟರಲ್ಲಿ 100ರ ವೇಗದ ಕಾರು ಸುಮಾರು 485 ಮೀಟರ್ ಬಂದಿರುತ್ತದೆ. ಹಳೆಯ ನಾಲ್ಕು ಪಥದಲ್ಲಿ 60ರ ವೇಗದ ಬಸ್ಸಿಗೆ ಇದೇ ಲೆಕ್ಕ 200 ಮೀಟರಿನೊಳಗೆ ಮುಗಿಯುತ್ತಿತ್ತು. ರಸ್ತೆ ಅಗಲವಾಯಿತು ಎಂಬ ವಾಕ್ಯಕ್ಕೆ ಉದ್ದಕ್ಕೆ ಹೋಗುವವನು ಒಂದು ಅರ್ಥ ಹೇಳುತ್ತಾನೆ, ಅಡ್ಡ ದಾಟುವವಳು ಇನ್ನೊಂದು. ಯೋಜನಾ ವರದಿಗಳು ಬಹುಪಾಲು ಮೊದಲನೆಯವನಿಗಾಗಿ ಬರೆದವು. ಬೇಲಿ ಹಾಕಿದ್ದಾರಲ್ಲ, ಅವಳು ದಾಟುವುದೇಕೆ ಎಂದು ಕೇಳಬಹುದು. ಮನೆ ಒಂದು ಬದಿ, ಹೊಲ ಇನ್ನೊಂದು ಬದಿ ಇರುವುದರಿಂದ, ಎಂಬುದು ಉತ್ತರ.

2023ರ ಮೊದಲ ಆರು ತಿಂಗಳಲ್ಲೇ ಈ ರಸ್ತೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಇಲ್ಲಿ ಪ್ರಬಂಧಕ್ಕೆ ಚಮತ್ಕಾರದ ಮಾತು ಹೊಳೆಯುವುದಿಲ್ಲ. ವೇಗ 60ರಿಂದ 100ಕ್ಕೇರಿದರೆ ಡಿಕ್ಕಿಯ ಶಕ್ತಿ ಸುಮಾರು 2.8 ಪಟ್ಟಾಗುತ್ತದೆ, ಅದನ್ನು ಪ್ರಾಥಮಿಕ ಭೌತಶಾಸ್ತ್ರವೇ ಹೇಳುತ್ತದೆ. ಆಮೇಲೆ ಪೊಲೀಸರು ವೇಗ ಅಳೆಯುವ ಗನ್ ಹಿಡಿದು ನಿಂತರು, ಕ್ಯಾಮೆರಾ ಬಂದವು, ದಂಡ ಬಿತ್ತು, 2024ರ ಆಗಸ್ಟ್‌ನಿಂದ 130 ಮೀರಿದವರ ಮೇಲೆ ಎಫ್‌ಐಆರ್ ಎಂದಾಯಿತು. ಸಾವು ಗಣನೀಯವಾಗಿ ಇಳಿಯಿತು. ಪಥಗಳ ಸಂಖ್ಯೆ ಆಗಲೂ ಅಷ್ಟೇ ಇತ್ತು, ಈಗಲೂ ಅಷ್ಟೇ ಇದೆ.

ಇದರ ನಡುವೆ ಒಂದು ಬಹಿಷ್ಕಾರ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೂ ಎತ್ತಿನ ಗಾಡಿ, ಸೈಕಲ್ಲುಗಳಿಗೂ ಆರು ಪಥದ ಮೇಲೆ ಪ್ರವೇಶವಿಲ್ಲ. ಅಂಥ ವೇಗದ ನಡುವೆ ಕಬ್ಬಿನ ಟ್ರ್ಯಾಕ್ಟರು ಇರಬಾರದೆಂಬುದು ಸರಿಯೇ. ಆದರೆ ಹೊಲ ಕೊಟ್ಟವರ ಗಾಡಿಗೆ ಸರ್ವಿಸ್ ರಸ್ತೆ, ಹೊಲವನ್ನು ಕಿಟಕಿಯಲ್ಲಿ ನೋಡುವವರ ಗಾಡಿಗೆ ನಡುಮನೆ ಎಂಬ ಏರ್ಪಾಡನ್ನು ಪ್ರಬಂಧವು ದಾಖಲಿಸದೆ ಬಿಡಲಾಗದು.

ಪಾಶ್ಚಾತ್ಯ ಮೀಮಾಂಸಕರಲ್ಲಿ ಡ್ಯುರಾಂಟನ್ ಮತ್ತು ಟರ್ನರ್ ಎಂಬಿಬ್ಬರು 2011ರಲ್ಲಿ ಅಮೆರಿಕದ ನಗರಗಳ ಹೆದ್ದಾರಿಗಳನ್ನು ಅಳೆದು, ಪಥ ಎಷ್ಟು ಪಾಲು ಹೆಚ್ಚುತ್ತದೋ ವಾಹನ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ ಎಂದು ತೋರಿಸಿಕೊಟ್ಟರು. ಮೈಸೂರಿನಿಂದ ಹಾರಿಬಂದು ಭಾನುವಾರ ಸಂಜೆ ಕೆಂಗೇರಿ ಬಳಿ ನಿಂತುಬಿಟ್ಟ ಕಾರಿನವನಿಗೆ ಈ ಗ್ರಂಥ ಓದಲು ಸಾಕಷ್ಟು ಸಮಯವಿರುತ್ತದೆ.

ಹಳ್ಳಿ ರಸ್ತೆಯ ವಿಸ್ತಾರಕ್ಕೆ ಬೇರೆಯೇ ಫಲಶ್ರುತಿ. ರಾಮನಗರ, ಮಂಡ್ಯ, ತುಮಕೂರು ಸೀಮೆಯಲ್ಲಿ ಸುಗ್ಗಿ ಬಂತೆಂದರೆ ಟಾರು ರಸ್ತೆಯೇ ಕಣ. ಹುರುಳಿ ಬಳ್ಳಿಯನ್ನು ಮೊಣಕಾಲೆತ್ತರ ಹರಡಿ, ಎರಡು ತುದಿಗೂ ದಪ್ಪ ಕಲ್ಲಿಟ್ಟು, ಬಸ್ಸೊಂದು ಹಾಯ್ದು ಹೋಗುವವರೆಗೆ ಮರದಡಿ ಕೂರುವುದು. ಹೋದಮೇಲೆ ಕವೆಗೋಲಿನಿಂದ ತಿರುವಿ ಹಾಕಿ ಮುಂದಿನ ಬಸ್ಸಿಗೆ ಕಾಯುವುದು. ಬೈಕಿನವರು ಜಾರಿ ಬೀಳುತ್ತಾರೆ, ಒಣ ಹುಲ್ಲು ಕಾರಿನಡಿ ಸಿಕ್ಕಿ ಹೊತ್ತಿಕೊಳ್ಳುತ್ತದೆ, ಪೊಲೀಸರು ವರ್ಷವರ್ಷವೂ ಎಚ್ಚರಿಸುತ್ತಾರೆ. ರಸ್ತೆ ಅಗಲವಾದರೆ ಕಣವೂ ಅಗಲ. ಆದ್ದರಿಂದ ಅಗಲೀಕರಣದ ಮೊದಲ ಫಲಾನುಭವಿ ಹುರುಳಿ ಎಂಬುದು ಸಿದ್ಧಾಂತ.

ಭಿನ್ನಪಾಠವೂ ಒಂದುಂಟು. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ದಂಪತಿ ಬೆಳೆಸಿದ 385 ಆಲದ ಮರಗಳು 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣದ ದಾರಿಗೆ ಅಡ್ಡವಾದವು. ತಿಮ್ಮಕ್ಕ ಮುಖ್ಯಮಂತ್ರಿಯವರಲ್ಲಿಗೇ ಹೋಗಿ ಕೇಳಿದರು. ಬದಲಿ ಮಾರ್ಗ ಹುಡುಕಲು ಅಧಿಕಾರಿಗಳಿಗೆ ಸೂಚನೆ ಹೋಯಿತು. ನೆಟ್ಟವರ ಹೆಸರು ನಾಡಿಗೆಲ್ಲ ಗೊತ್ತಿಲ್ಲದ ಮರಗಳಿಗೆ ಈ ಸೌಲಭ್ಯವಿಲ್ಲ.

ಕೊನೆಗೆ ಪ್ರಕ್ಷಿಪ್ತದ ವಿಚಾರ. ಉದ್ಘಾಟನೆಯಾಗಿ ವಾರ ತುಂಬುವ ಮೊದಲೇ ಮಳೆ ಸುರಿದು, ರಾಮನಗರ ಸಮೀಪದ ಸಂಗಬಸವನದೊಡ್ಡಿ ಬಳಿ ದಶಪಥದ ಮೇಲೆ ನೀರು ನಿಂತಿತು. ಕಾರುಗಳು ಮುಳುಗಿದ ಚಿತ್ರ ನಾಡೆಲ್ಲ ಓಡಾಡಿತು. ಹೆದ್ದಾರಿ ಪ್ರಾಧಿಕಾರ ಕೊಟ್ಟ ವಿವರಣೆ ಹೀಗಿತ್ತು: ಸುತ್ತಲ ಹಳ್ಳಿಯವರು ತಮ್ಮ ಹೊಲಕ್ಕೆ ಹತ್ತಿರದ ದಾರಿ ಮಾಡಿಕೊಳ್ಳಲು ನೀರು ಹರಿಯುವ ಚರಂಡಿಗೆ ಮೂರು ಮೀಟರ್ ಅಗಲಕ್ಕೆ ಮಣ್ಣು ಸುರಿದಿದ್ದರು. ಪಾಠಶಾಸ್ತ್ರದ ಪ್ರಕಾರ ಇದು ಅನಾಮಿಕರು ನಡುವೆ ಸೇರಿಸಿದ ಪದ್ಯ, ಕಿತ್ತುಹಾಕತಕ್ಕದ್ದು. ಆದರೆ ಪ್ರಾಧಿಕಾರ ರೈತರ ಅನುಕೂಲಕ್ಕೆ ಅಲ್ಲಿ ಕೊಳವೆ ಹಾಕಿಕೊಡುವುದಾಗಿ ಹೇಳಿ, ಪ್ರಕ್ಷಿಪ್ತವನ್ನು ಮೂಲಕ್ಕೆ ಸೇರಿಸಿಕೊಂಡಿತು. ಹೀಗಾಗಿ ದಶಪಥ ಎಂಬ ಹೆಸರು ಲೆಕ್ಕಕ್ಕೆ ಕೂಡುವುದಿಲ್ಲ, ಪಥಗಳು ಹನ್ನೊಂದು. ಹನ್ನೊಂದನೆಯದಕ್ಕೆ ಫಾಸ್ಟ್ಯಾಗ್ ಬೇಡ.