ತೀರವಿಹಾರಾಧಿಕಾರ ಮೀಮಾಂಸೆ ಅಥವಾ ಮಂಡಿಯ ತರ್ಕಶಾಸ್ತ್ರ

ಕ್ರೂಸ್ ಹಡಗಿನ ಮೇಲಿರುವಷ್ಟು ಹೊತ್ತು ಮನುಷ್ಯನಿಗೆ ವಯಸ್ಸೆಂಬುದಿಲ್ಲ. ಎಲ್ಲ ಮಹಡಿಗೂ ಲಿಫ್ಟ್ ಉಂಟು. ಕುರ್ಚಿಯಿಂದ ಎದ್ದರೆ ಬಫೆ, ಬಫೆಯಿಂದ ಎದ್ದರೆ ಮತ್ತೆ ಕುರ್ಚಿ. ವಯಸ್ಸು ಶುರುವಾಗುವುದು ಹಡಗು ಲಂಗರು ಹಾಕಿದ ಮೇಲೆ, ಊರು ನೋಡಿ ಬರೋಣವೆಂದು ದಡಕ್ಕೆ ಇಳಿಯುವಾಗ. ಹಡಗಿನವರು ಶೋರ್ ಎಕ್ಸ್‌ಕರ್ಷನ್ ಎಂದು ಕರೆಯುವ, ಬೆಳಗ್ಗೆ ಇಳಿದು ಸಂಜೆಯೊಳಗೆ ಹತ್ತಿಕೊಳ್ಳಬೇಕಾದ ಈ ತೀರವಿಹಾರಕ್ಕೆ ಯಾರು ಅರ್ಹರು, ಯಾರು ಅಲ್ಲ ಎಂಬ ಗಹನ ಪ್ರಶ್ನೆಯನ್ನು ಇದುವರೆಗೆ ವಿಮಾ ಕಂಪನಿಗಳ ವಕೀಲರಿಗೆ ಬಿಟ್ಟುಕೊಟ್ಟಿರುವುದು ವಿದ್ವತ್ ಲೋಕಕ್ಕೆ ಶೋಭೆಯಲ್ಲ. ಆ ಕೊರತೆ ನೀಗಲೆಂದು ಈ ಅಲ್ಪ ಪ್ರಯತ್ನ.

ಯಾವುದೇ ಶಾಸ್ತ್ರಗ್ರಂಥ ಆರಂಭವಾಗುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಬೇಕೆಂದು ನಮ್ಮ ಹಿರಿಯರು ಕಟ್ಟುಮಾಡಿದ್ದಾರೆ. ಪ್ರಕೃತ ಗ್ರಂಥದ ವಿಷಯ ಮಂಡಿ. ಪ್ರಯೋಜನ ಫೋಟೊ. ಸಂಬಂಧವೆಂದರೆ ಟಿಕೆಟ್ ತೆಗೆಸಿಕೊಟ್ಟ ಮಗ ಅಥವಾ ಮಗಳು. ಅಧಿಕಾರಿ ಯಾರೆಂಬಲ್ಲಿ ಮಾತ್ರ ಭಿನ್ನಾಭಿಪ್ರಾಯವಿದೆ, ಅದಕ್ಕಾಗಿಯೇ ಮುಂದಿನ ಪುಟಗಳು.

ಇತಿಹಾಸದಿಂದ ತೊಡಗೋಣ. 1867ರಲ್ಲಿ ನ್ಯೂಯಾರ್ಕಿನಿಂದ ಕ್ವೇಕರ್ ಸಿಟಿ ಎಂಬ ಹಬೆ ಹಡಗು ಯುರೋಪು ಮತ್ತು ಪವಿತ್ರ ಭೂಮಿಯ ಯಾತ್ರೆಗೆ ಹೊರಟಿತು. ಪ್ರಯಾಣಿಕರ ಅರ್ಜಿ ಪರಿಶೀಲಿಸಲು ಒಂದು ಸಮಿತಿಯೂ ಇತ್ತು. ಆದರೆ ಅದು ನೋಡುತ್ತಿದ್ದುದು ನಡತೆಯನ್ನು, ನಡಿಗೆಯನ್ನಲ್ಲ. ಹಡಗಿನಲ್ಲಿದ್ದವರು ಬಹುಪಾಲು ನಲವತ್ತು ದಾಟಿದ ಭಕ್ತಾದಿಗಳು. ಮೂವತ್ತೊಂದರ ಮಾರ್ಕ್ ಟ್ವೇನ್ ಅವರ ನಡುವೆ ಪೋರ. ಅಥೆನ್ಸಿನ ರೇವಿನಲ್ಲಿ ಕ್ವಾರಂಟೈನ್ ಹೇರಿ ಯಾರನ್ನೂ ಇಳಿಯಗೊಡದಿದ್ದಾಗ ಆತ ಮೂವರೊಡನೆ ರಾತ್ರೋರಾತ್ರಿ ದೋಣಿಯಲ್ಲಿ ದಡ ಸೇರಿ, ಪೊಲೀಸರ ಕಣ್ಣು ತಪ್ಪಿಸಿ ಅಕ್ರೊಪೊಲಿಸ್ ಹತ್ತಿ ಬಂದ. ಈಜಿಪ್ಟಿನಲ್ಲಿ ಸ್ಥಳೀಯರು ಅವನ ರಟ್ಟೆ ಹಿಡಿದು ಎಳೆದೆಳೆದು ದೊಡ್ಡ ಪಿರಮಿಡ್ಡಿನ ತುದಿ ಮುಟ್ಟಿಸಿದರು. ಈಗ ಪಿರಮಿಡ್ ಹತ್ತುವುದು ಎಲ್ಲರಿಗೂ ನಿಷಿದ್ಧ. ಎಂಟರ ಮಗುವೂ ಎಂಬತ್ತರ ಅಜ್ಜನೂ ಸರಿಸಮಾನ ಅನರ್ಹರಾಗಿರುವ ಇಂಥ ಸಮಾಜವಾದ ಬೇರೆ ಬಂದರುಗಳಲ್ಲಿ ಸಿಗದು.

ಚಿಹ್ನೆಗಳ ವ್ಯಾಖ್ಯಾನ

ಈ ಶಾಸ್ತ್ರದ ಮೂಲಗ್ರಂಥ ಹಡಗು ಕಂಪನಿಯ ಬ್ರೋಷರ್. ಅದರಲ್ಲಿ ಪ್ರತಿ ವಿಹಾರದ ಪಕ್ಕ ಸುಲಭ, ಮಧ್ಯಮ, ಶ್ರಮದಾಯಕ ಎಂಬ ಮೂರರಲ್ಲೊಂದು ದರ್ಜೆ ನಮೂದಾಗಿರುತ್ತದೆ. ಕೆಲವರು ನಡೆಯುವ ಮನುಷ್ಯನ ಪುಟ್ಟ ಚಿತ್ರವನ್ನೂ ಹಾಕುತ್ತಾರೆ. ಆ ಮನುಷ್ಯನಿಗೆ ಹೊಟ್ಟೆಯಿಲ್ಲ, ಕೈಯಲ್ಲಿ ಚೀಲವಿಲ್ಲ, ಹಿಂದೆ ಹೆಂಡತಿಯಿಲ್ಲ. ಅವನನ್ನು ಮಾನದಂಡವಾಗಿ ಒಪ್ಪುವುದು ಹೇಗೆ ಎಂಬುದು ಪ್ರಸ್ತುತ ಗ್ರಂಥಕಾರನ ಮೊದಲ ಆಕ್ಷೇಪ.

ಸುಲಭ ಎಂದರೆ ಬಸ್ಸಿನಿಂದ ಶೌಚಾಲಯಕ್ಕೆ ಹೋಗಿ ಬರುವಷ್ಟು. ಶ್ರಮದಾಯಕ ಎಂದರೆ ಏನೆಂದು ಓದುಗರೇ ಊಹಿಸಬಲ್ಲರು, ಊಹಿಸಿ ಪುಟ ತಿರುವಬಲ್ಲರು. ಜನ ಬೀಳುವುದೆಲ್ಲ ಮಧ್ಯಮದಲ್ಲಿ. 'ಅಸಮ ನೆಲ, ಕೆಲವು ಮೆಟ್ಟಿಲು' ಎಂದು ಅಲ್ಲಿ ಬರೆದಿರುತ್ತದೆ. ಈ 'ಕೆಲವು' ಎಷ್ಟು? ಡುಬ್ರೋವ್ನಿಕ್‌ನ ಕೋಟೆಗೋಡೆಯ ಸುತ್ತು 1,940 ಮೀಟರು, ಹತ್ತಿಳಿಯುತ್ತಲೇ ಸಾಗಬೇಕು. ರೋಮಿಗೆ ಹಡಗು ನಿಲ್ಲುವುದು ಎಪ್ಪತ್ತು ಎಂಬತ್ತು ಕಿಲೋಮೀಟರು ಆಚೆಯ ಚಿವಿತವೆಕ್ಕಿಯಾದಲ್ಲಿ. ಬಸ್ಸಿನಲ್ಲಿ ಕೂತು ಮರಗಟ್ಟಿದ ಕಾಲಿಗೆ ಸೇಂಟ್ ಪೀಟರ್ಸ್ ಗುಮ್ಮಟದ 551 ಮೆಟ್ಟಿಲು ಕಾದಿರುತ್ತವೆ, ಲಿಫ್ಟಿಗೆ ದುಡ್ಡು ಕೊಟ್ಟರೂ 320 ಉಳಿಯುತ್ತವೆ.

ಪ್ರಮಾಣ ವಿಚಾರ

ಒಬ್ಬನ ದೇಹದಾರ್ಢ್ಯವನ್ನು ಅರಿಯುವ ಸಾಧನ ಯಾವುದು? ಹಡಗಿನವರ ಮಟ್ಟಿಗೆ ಒಂದೇ: ಪ್ರಯಾಣಿಕನ ಬಾಯಿಮಾತು ಮತ್ತು ಅದರ ಕೆಳಗೆ ಅವನು ಹಾಕುವ ಸಹಿ. ಬಿದ್ದರೆ ನಾನೇ ಹೊಣೆ ಎಂಬ ಈ ಮುಚ್ಚಳಿಕೆಯನ್ನು ಇಡೀ ಜಗತ್ತಿನಲ್ಲಿ ಪೂರ್ತಿ ಓದಿದವರು ಅದನ್ನು ಬರೆದವರು ಮಾತ್ರ.

ಬಾಯಿಮಾತಿನ ತೊಡಕು ಇನ್ನೂ ಆಳವಾದದ್ದು. ಕ್ಯಾಲಿಫೋರ್ನಿಯಾದ ಮಗ ಬೇಸಿಗೆಯಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಂಡು ಅಲಾಸ್ಕಾ ಕ್ರೂಸಿಗೆ ಹೊರಡಿಸಿದ್ದಾನೆ ಎಂದಿಟ್ಟುಕೊಳ್ಳಿ. ಅಪ್ಪ ಜಯನಗರದ ನಿವೃತ್ತ ಬ್ಯಾಂಕ್ ಮ್ಯಾನೇಜರು.

"ಅಪ್ಪ, ಇದು ಮಾಡರೇಟ್ ಅಂತಿದೆ. ಆಗುತ್ತಾ?"

"ಏನೋ ಹಾಗಂದ್ರೆ? ಶ್ರವಣಬೆಳಗೊಳ ಬರಿಗಾಲಲ್ಲಿ ಹತ್ತಿದೋನು ನಾನು."

"ಅದು 1981ರ ಮಹಾಮಸ್ತಕಾಭಿಷೇಕಕ್ಕೆ ಅಲ್ವಾ ಅಪ್ಪ?"

"ಹೌದು, ಅದಕ್ಕೇನೀಗ?"

ಅದಕ್ಕೇನೀಗ ಎಂಬಲ್ಲೇ ಇಡೀ ಸಮಸ್ಯೆ ಅಡಗಿದೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಇಂದಿಗೂ ಹಾಗೇ ಇವೆ, ಹತ್ತಿದ ಮಂಡಿ ಮಾತ್ರ ಹಾಗೇ ಇಲ್ಲ. ಆದರೂ ಫಾರಂ ತುಂಬುವುದು ಹಳೆಯ ಮಂಡಿಯೇ. ನೈಯಾಯಿಕರು ಸ್ಮೃತಿಯನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಹಡಗಿನ ಟೂರ್ ಕೌಂಟರಿನವರು ಒಪ್ಪುತ್ತಾರೆ, ಕಾರ್ಡ್ ಉಜ್ಜುತ್ತಾರೆ, ಸ್ಟಿಕ್ಕರ್ ಅಂಟಿಸಿ ಕಳಿಸುತ್ತಾರೆ.

ಬಾಯಿಮಾತು ಬೇಡ, ಜನ್ಮದಿನಾಂಕ ಸಾಕು ಎನ್ನುವ ಪಂಥವೂ ಒಂದಿದೆ. ಪೀಸಾದ ವಾಲುಗೋಪುರಕ್ಕೆ ಎಂಟು ತುಂಬದ ಮಕ್ಕಳನ್ನು ಬಿಡುವುದಿಲ್ಲ, ಅಪ್ಪನ ಕೈ ಹಿಡಿದಿದ್ದರೂ ಇಲ್ಲ. ಉಸಿರು ಹಿಡಿದು 250ಕ್ಕೂ ಮಿಕ್ಕ ಮೆಟ್ಟಿಲು ಹತ್ತುವ ಅಜ್ಜನ ಹುಟ್ಟಿದ ವರ್ಷವನ್ನು ಯಾರೂ ಕೇಳುವುದಿಲ್ಲ. ಸಿಡ್ನಿಯಲ್ಲಿ ಹಡಗು ನಿಲ್ಲುವ ಕಟ್ಟೆಯ ಪಕ್ಕದಲ್ಲೇ ಹಾರ್ಬರ್ ಬ್ರಿಜ್. 1998ರಿಂದ ಅದರ ಕಮಾನಿನ ಮೇಲೆ ಪ್ರವಾಸಿಗರನ್ನು ಹತ್ತಿಸುತ್ತಿದ್ದಾರೆ, ತುದಿ ನೀರಿನಿಂದ 134 ಮೀಟರು ಮೇಲೆ. ಅಲ್ಲಿಯೂ ಕೆಳಗಿನ ಮಿತಿ ಎಂಟೇ, ಮೇಲಿನ ಮಿತಿ ಇಲ್ಲ. ಆದರೆ ಹತ್ತುವ ಮೊದಲು ಎಲ್ಲರೂ ಮದ್ಯಪರೀಕ್ಷೆಯ ಯಂತ್ರಕ್ಕೆ ಊದಬೇಕು. ವಯಸ್ಸಿಗಿಂತ ಹಿಂದಿನ ರಾತ್ರಿ ಮುಖ್ಯ ಎಂದು ಕಂಡುಕೊಂಡ ಆಸ್ಟ್ರೇಲಿಯನ್ನರಿಗೆ ಈ ಗ್ರಂಥಕಾರನ ಗೌರವ ಸಲ್ಲುತ್ತದೆ. ಇನ್ನು ಸ್ಕೂಬಾ ಡೈವಿಂಗಿನವರ ಆರೋಗ್ಯ ಪ್ರಶ್ನಾವಳಿ ನೀವು 45 ದಾಟಿದ್ದೀರಾ ಎಂದೇ ಕೇಳಿಬಿಡುತ್ತದೆ. ಹೌದೆಂದರೆ ಸಿಗರೇಟು, ಬೀಪಿ, ಕೊಲೆಸ್ಟರಾಲು, ಹೃದಯಾಘಾತದಲ್ಲಿ ಹೋದ ನೆಂಟರು ಎಂದು ಉಪಪ್ರಶ್ನೆಗಳು ಬಾಲಂಗೋಚಿಯಾಗಿ ಬರುತ್ತವೆ.

ಇದಕ್ಕೆ ಎದುರಾಗಿ ಒಂದು ಪೂರ್ವಪಕ್ಷವುಂಟು. 2021ರಲ್ಲಿ 'ಸ್ಟಾರ್ ಟ್ರೆಕ್' ನಟ ವಿಲಿಯಂ ಶ್ಯಾಟ್ನರ್ ತೊಂಬತ್ತನೆಯ ವಯಸ್ಸಿನಲ್ಲಿ ಬ್ಲೂ ಆರಿಜಿನ್ ರಾಕೆಟ್ಟಿನಲ್ಲಿ ಅಂತರಿಕ್ಷ ಮುಟ್ಟಿ ಬಂದರಲ್ಲ, ಹಾಗಿದ್ದ ಮೇಲೆ ಎಪ್ಪತ್ತರವನು ಕಡಲಲ್ಲಿ ಮೀನು ನೋಡಲು ಮುಳುಗಿದರೆ ಏನು ಗಂಟು ಹೋದೀತು? ಪೂರ್ವಪಕ್ಷಿಗೆ ತಿಳಿಯದ ಸಂಗತಿಯೊಂದಿದೆ. ಆ ಕಂಪನಿ ಪ್ರಯಾಣಿಕರಿಗೆ ಇಟ್ಟ ಷರತ್ತುಗಳಲ್ಲಿ ಉಡಾವಣಾ ಗೋಪುರದ ಏಳು ಅಂತಸ್ತಿನ ಮೆಟ್ಟಿಲನ್ನು ತೊಂಬತ್ತು ಸೆಕೆಂಡಿನೊಳಗೆ ಹತ್ತಬೇಕೆಂಬುದೂ ಒಂದು. ಸ್ವರ್ಗಾರೋಹಣಕ್ಕೂ ಮಂಡಿ ಬೇಕು.

ತಕ್ಕಡಿಯ ಸತ್ಯ

ಸಹಿಯಿರುವಲ್ಲಿ ಸುಳ್ಳು ನಡೆಯುತ್ತದೆ, ತಕ್ಕಡಿಯಿರುವಲ್ಲಿ ನಡೆಯುವುದಿಲ್ಲ. ಅಲಾಸ್ಕಾದ ಜೂನೋ ಬಂದರಿನಿಂದ ಹೆಲಿಕಾಪ್ಟರಿನಲ್ಲಿ ಹಿಮನದಿಯ ಮೇಲೆ ಇಳಿಸುವ ವಿಹಾರವಿದೆಯಷ್ಟೆ. ಅಲ್ಲಿ ಹಾರುವ ಮುನ್ನ ಒಬ್ಬೊಬ್ಬರನ್ನೂ ತೂಗಿ, ಆ ತೂಕದ ಮೇಲೆ ಯಾರು ಎಲ್ಲಿ ಕೂರಬೇಕೆಂದು ನಿರ್ಧರಿಸುತ್ತಾರೆ. ಸಾಮಾನ್ಯವಾಗಿ 250 ಪೌಂಡ್, ಎಂದರೆ ಸುಮಾರು 113 ಕಿಲೋ ದಾಟಿದವರಿಗೆ ಹೆಚ್ಚಿನ ದುಡ್ಡು. ನಮ್ಮ ಮ್ಯಾನೇಜರ ಪತ್ನಿಯ ಸರದಿ ಬಂತು. ಸೀರೆಯ ಒಳಗೆ ಥರ್ಮಲ್ಲು, ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಮಗನ ಜಾಕೆಟ್ಟು, ಕಿವಿ ಮುಚ್ಚಿ ಮಫ್ಲರು. ಕೈಚೀಲದಲ್ಲಿ ಕೋಡುಬಳೆಯ ಡಬ್ಬ. ತೂಕದ ಯಂತ್ರ ಕಂಡದ್ದೇ ಅವರು ಬಳೆಯನ್ನೂ ಕಳಚಲು ಹೊರಟರು. ಮಗ ತಡೆದ. ಆಗ ಯಜಮಾನರು ಮುಂದೆ ಬಂದು, "ಆ ಚೀಲ ಇಲ್ಲಿ ಕೊಡೇ, ನಂದು ಹೇಗಿದ್ರೂ ಜಾಸ್ತೀನೇ ಇದೆ" ಎಂದು ಇಸಿದುಕೊಂಡು, ಚೀಲಸಮೇತ ತಾವೇ ಹತ್ತಿ ನಿಂತರು. ನಲವತ್ತು ವರ್ಷದ ದಾಂಪತ್ಯದಲ್ಲಿ ಅಷ್ಟು ಬಹಿರಂಗವಾದ ಪ್ರೇಮನಿವೇದನೆ ಅದಕ್ಕೆ ಮೊದಲು ಆಗಿರಲಿಲ್ಲವೆಂದು ತೋರುತ್ತದೆ.

ತಕ್ಕಡಿ ಕೃಶಕಾಯರನ್ನೂ ಬಿಡುವುದಿಲ್ಲ. ಬಂದರುಗಳಲ್ಲಿ ಊರು ಸುತ್ತಿಸುತ್ತಿದ್ದ ಎರಡು ಚಕ್ರದ ಸೆಗ್‌ವೇ 45 ಕಿಲೋಗಿಂತ ಹಗುರವಾದವರನ್ನು ಒಲ್ಲೆನೆನ್ನುತ್ತಿತ್ತು, 118 ದಾಟಿದವರನ್ನೂ ಒಲ್ಲೆನೆನ್ನುತ್ತಿತ್ತು.

ಜೂನೋ ದಾಟಿದರೆ ಸ್ಕಾಗ್ವೆ. 1898ರಲ್ಲಿ ಕ್ಲಾಂಡೈಕಿನ ಚಿನ್ನಕ್ಕೆಂದು ಆ ಸೀಮೆಯಲ್ಲಿ ಇಳಿದವರಿಗೂ ಒಂದು ದೇಹದಾರ್ಢ್ಯ ಪರೀಕ್ಷೆಯಿತ್ತು. ಗಡಿಯಲ್ಲಿ ಕೂತಿದ್ದ ಕೆನಡಾದ ಪೊಲೀಸರು ಒಂದು ವರ್ಷಕ್ಕಾಗುವ ಸಾಮಾನು, ಸುಮಾರು ಒಂದು ಟನ್, ಇಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. ಜನ ಹಿಟ್ಟಿನ ಮೂಟೆ ಹೊತ್ತು ಚಿಲ್ಕೂಟ್ ಕಣಿವೆಯ ಹಿಮದಲ್ಲಿ ಕಡಿದ ಮೆಟ್ಟಿಲುಗಳನ್ನು ಹತ್ತಾರು ಸಲ ಹತ್ತಿಳಿದರು. ಪಕ್ಕದ ವೈಟ್ ಪಾಸ್ ದಾರಿಯಲ್ಲಿ ಸತ್ತ ಕುದುರೆಗಳು ಸಾವಿರಾರು, ಆ ದಾರಿಗೆ ಸತ್ತ ಕುದುರೆಯ ಹೆಸರೇ ಬಿತ್ತು. 1900ರಲ್ಲಿ ಅಲ್ಲಿ ರೈಲುಹಾದಿ ಮುಗಿಯುವ ಹೊತ್ತಿಗೆ ಚಿನ್ನದ ಭರಾಟೆ ಇಳಿದಿತ್ತು. ಇಂದು ಅದೇ ರೈಲಿನ ಕಿಟಕಿಗೆ ಒರಗಿ ಕೋಡುಬಳೆ ಕಡಿಯುತ್ತ ಆ ದಾರಿ ನೋಡುವ ವಿಹಾರಕ್ಕೆ ಬ್ರೋಷರ್ ಕೊಟ್ಟಿರುವ ದರ್ಜೆ: ಸುಲಭ.

ಕುದುರೆಯ ಮಾತು ಬಂದದ್ದರಿಂದ ಕತ್ತೆಗೆ ಬರಲೇಬೇಕು. ಗ್ರೀಸಿನ ಸಾಂತೊರಿನಿಯಲ್ಲಿ ಹಡಗು ಕಡಲಲ್ಲೇ ನಿಲ್ಲುತ್ತದೆ, ಪುಟ್ಟ ದೋಣಿಗಳಲ್ಲಿ ಹಳೆಯ ಬಂದರಿಗೆ ಬಿಡುತ್ತಾರೆ. ಊರು ಕಡಿದಾದ ಬಂಡೆಯ ನೆತ್ತಿಯಲ್ಲಿದೆ. ಮೇಲೇರಲು ಕೇಬಲ್ ಕಾರಿನ ಸಾಲು, ಕತ್ತೆ, ಇಲ್ಲವೇ 588 ಮೆಟ್ಟಿಲು. ಪ್ರವಾಸಿಗರ ಗಾತ್ರ ಬೆಳೆದಂತೆ ಕತ್ತೆಗಳ ಪಾಡು ಕಂಡು ಪ್ರಾಣಿಪ್ರಿಯರು ಗದ್ದಲವೆಬ್ಬಿಸಿದರು. 2018ರಲ್ಲಿ ಗ್ರೀಸ್ ಸರ್ಕಾರ ನಿಯಮ ತಂದಿತು: ಕತ್ತೆಯ ಮೇಲೆ ಹೇರುವ ಭಾರ 100 ಕಿಲೋ ಅಥವಾ ಅದರ ದೇಹತೂಕದ ಐದನೆಯ ಒಂದು ಪಾಲನ್ನು ಮೀರಕೂಡದು. ತೀರವಿಹಾರ ಶಾಸ್ತ್ರದಲ್ಲಿ ಹೊರುವವನ ದೇಹವನ್ನು ಅಳೆದು ಬರೆದ ನಿಯಮ ನನಗೆ ಕಂಡಂತೆ ಇದೊಂದೇ. ಅದು ಕತ್ತೆಗೆ ಅನ್ವಯಿಸುತ್ತದೆ. ಅದೇ ಮೆಟ್ಟಿಲಿನಲ್ಲಿ ಇಬ್ಬರ ಚೀಲ, ಮೂವರ ನೀರಿನ ಬಾಟಲಿ, ಮೊಮ್ಮಗಳ ಜಾಕೆಟ್ಟು, ಜೊತೆಗೆ ಸ್ವಂತ ಹೊಟ್ಟೆ ಹೊತ್ತು ಏರುತ್ತಿರುವ ಗೃಹಸ್ಥನ ಪರವಾಗಿ ಯಾವ ಸಂಘವೂ ಧರಣಿ ಕೂತಿಲ್ಲ.

ಇನ್ನು ನಮ್ಮ ಕರಾವಳಿಗೆ ಬರೋಣ. ಮಳೆಗಾಲ ಮುಗಿದ ಮೇಲೆ ಮಂಗಳೂರಿನ ಪಣಂಬೂರಿಗೂ ಕ್ರೂಸ್ ಹಡಗುಗಳು ಬರುತ್ತವೆ, ಇಳಿಯುವವರಲ್ಲಿ ತಲೆ ನರೆತವರೇ ಹೆಚ್ಚು. ಕದ್ರಿ ದೇವಸ್ಥಾನ, ಮೊಸ್ಕೇನಿ ಚಿತ್ರ ಬರೆದ ಸಂತ ಅಲೋಶಿಯಸ್ ಚಾಪೆಲು, ಮೂಡಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಫ್ಯಾಕ್ಟರಿ ಇವು ಸುಲಭ ದರ್ಜೆಯವು. ಕಾರ್ಕಳದಲ್ಲಿ 1432ರಿಂದ ಬಂಡೆಯ ಮೇಲೆ ನಿಂತಿರುವ 42 ಅಡಿಯ ಬಾಹುಬಲಿ ಮಾತ್ರ ಮೆಟ್ಟಿಲ ಬಾಬತ್ತು. ಇಲ್ಲಿನ ಟ್ಯಾಕ್ಸಿ ಚಾಲಕರು ಬ್ರೋಷರ್ ನೋಡಿದವರಲ್ಲ, ಮುಚ್ಚಳಿಕೆ ಬರೆಸಿಕೊಂಡವರೂ ಅಲ್ಲ. ಕಾರಿಗೆ ಒರಗಿ ನಿಂತು, ಬಂದವರು ಹಡಗಿನ ಮೆಟ್ಟಿಲಿಳಿದು ಹೇಗೆ ನಡೆಯುತ್ತಾರೆಂದು ನೋಡುತ್ತಾರೆ: ಯಾವ ಕಾಲು ಮೊದಲು ಊರುತ್ತಾರೆ, ಕಂಬಿಯನ್ನು ಮುಟ್ಟುತ್ತಾರೋ ತಬ್ಬುತ್ತಾರೋ, ಕೆಳಗಿಳಿದ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ. ಪ್ರತ್ಯಕ್ಷ ಪ್ರಮಾಣದ ಇಷ್ಟು ಶುದ್ಧ ಪ್ರಯೋಗ ತರ್ಕಗ್ರಂಥಗಳಲ್ಲೂ ದುರ್ಲಭ. ಒಬ್ಬ ಚಾಲಕ, ಕೋಲು ಹಿಡಿದು ಸರಸರ ಬರುತ್ತಿದ್ದ ಮುದುಕಿಯನ್ನೂ, ಹಿಂದೆ ಐಸ್‌ಕ್ರೀಮ್ ಮೆಲ್ಲುತ್ತ ಏದುಸಿರು ಬಿಡುತ್ತಿದ್ದ ಮೂವತ್ತರ ದಾಂಡಿಗನನ್ನೂ ನೋಡಿ ಪಕ್ಕದವನಿಗೆ ಹೇಳಿದ: "ಆ ಅಜ್ಜಿಗೆ ಕಾರ್ಕಳ ಏನೂ ತೊಂದ್ರೆ ಇಲ್ಲ ಮಾರಾಯ. ಇವನನ್ನು ಗೇರುಬೀಜದ ಫ್ಯಾಕ್ಟರಿಗೆ ಬಿಡು."