ಶಾರ್ಕ್ ಸತ್ತಿತು, ಮೇಯರ್ ಕ್ಷೇಮ

ಹಳೆಯ ಹಾಲಿವುಡ್ ಚಿತ್ರಗಳನ್ನು ಬರೀ ಬುರುಡೆ ಎಂದು ಹೀಗಳೆಯುವವರನ್ನು ಕಂಡರೆ ನನಗೆ ಕನಿಕರ. ಅವರು ಹೀರೋನನ್ನು ನೋಡುತ್ತಾರೆ, ತಪ್ಪು ಅಲ್ಲೇ ಆಗುವುದು. 1994ರ ‘ಸ್ಪೀಡ್’ನಲ್ಲಿ ವೇಗ ಗಂಟೆಗೆ 80 ಕಿಲೋಮೀಟರಿಗಿಂತ ತಗ್ಗಿದರೆ ಸಿಡಿಯುವ ಬಸ್ಸೊಂದು, ಅರ್ಧ ಕಟ್ಟಿದ ಫ್ರೀವೇಯ 50 ಅಡಿ ಕಂದಕವನ್ನು ಹಾರಿ ಆಚೆ ಬೀಳುತ್ತದೆ. ಸುಳ್ಳು ಅನ್ನುತ್ತಾರೆ. ಹೌದು, ಸುಳ್ಳೇ. ಅಲ್ಲಿ ಕಂದಕವೇ ಇರಲಿಲ್ಲ, ಕಂಪ್ಯೂಟರಿನಲ್ಲಿ ಸೇತುವೆಯನ್ನು ಅಳಿಸಿದ್ದು. ಆದರೆ ಬಸ್ಸನ್ನು ಆ ರಸ್ತೆಗೆ ಹತ್ತಿಸಿದ ಪೊಲೀಸರಿಗೆ ಮುಂದೆ ರಸ್ತೆಯೇ ಇಲ್ಲ ಎಂಬುದು ಗೊತ್ತಿರಲಿಲ್ಲವಲ್ಲ, ಅದನ್ನು ಸುಳ್ಳು ಅನ್ನುವ ಧೈರ್ಯ ಯಾರಿಗಿದೆ? ಬಸ್ಸು ಹಾರಿದ್ದು ಕಥೆ. ಒಂದು ಇಲಾಖೆ ಕಟ್ಟದೆ ಬಿಟ್ಟದ್ದು ಇನ್ನೊಂದು ಇಲಾಖೆಗೆ ತಿಳಿಯದೆ ಹೋದದ್ದು ಸಾಕ್ಷ್ಯಚಿತ್ರ.

ನಾನು ಚಿತ್ರಪಂಡಿತನಲ್ಲ. ರಾತ್ರಿ ಊಟವಾದ ಮೇಲೆ ಟಿವಿಯಲ್ಲಿ ಸಿಕ್ಕಿದ್ದನ್ನು ನೋಡುವ ಆಸಾಮಿ. ಕ್ಯಾಮೆರಾ ಕೋನ, ಸಂಕಲನದ ಸೊಬಗು ನನಗೆ ತಿಳಿಯದು. ಹಾಗಾಗಿ ಹೀರೋನ ಹಿಂದೆ ಫೈಲು ಹಿಡಿದು ನಿಂತವನ ಮೇಲೇ ಕಣ್ಣು ಬೀಳುತ್ತದೆ.

1988ರ ‘ಡೈ ಹಾರ್ಡ್’ ತೆಗೆದುಕೊಳ್ಳಿ. ಕ್ರಿಸ್‌ಮಸ್ ಹಿಂದಿನ ರಾತ್ರಿ ಲಾಸ್ ಏಂಜಲೀಸ್‌ನ ನಾಕಟೋಮಿ ಕಟ್ಟಡಕ್ಕೆ ಬಂದೂಕುಧಾರಿಗಳು ನುಗ್ಗಿದ್ದಾರೆ. ಬರಿಗಾಲಲ್ಲಿ ಮಾಳಿಗೆ ಹತ್ತಿದ ಹೀರೋ ಜಾನ್ ಮೆಕ್ಲೇನ್ ವೈರ್‌ಲೆಸ್ಸಿನಲ್ಲಿ ಪೊಲೀಸರನ್ನು ಕೂಗುತ್ತಾನೆ. ಆ ಕಡೆಯಿಂದ ಬಂದ ಉತ್ತರ: ಈ ಚಾನೆಲ್ ತುರ್ತು ಕರೆಗಳಿಗೆ ಮೀಸಲು. ಜನ ಸಾಯುತ್ತಿರುವುದು ತುರ್ತು ಹೌದೋ ಅಲ್ಲವೋ ಎಂಬುದು ಆಮೇಲಿನ ಮಾತು. ಆಮೇಲೂ ಅಷ್ಟೇ: ಮೇಲಿನಿಂದ ಬಿದ್ದ ಬಾಂಬು ಸಿಡಿದರೆ ಕೆಳಗಿದ್ದ ಹಿರಿಯ ಅಧಿಕಾರಿಯ ದೂರು, ತನ್ನ ಸಿಬ್ಬಂದಿಯ ಮೈಮೇಲೆಲ್ಲ ಗಾಜಿನ ಚೂರು ಬಿತ್ತೆಂದು.

ಇನ್ನು ಖಳ ಹಾನ್ಸ್ ಗ್ರೂಬರ್. ಸೂಟು ತೊಟ್ಟ, ಮೆಲುದನಿಯ, ಅಚ್ಚುಕಟ್ಟಿನ ಮನುಷ್ಯ. ಅವನು ದೋಚಲು ಬಂದ ತಿಜೋರಿಗೆ ಏಳು ಬೀಗ. ಆರನ್ನು ಒಡೆಯಬಹುದು. ಏಳನೆಯದು ಬಿಡುವುದು ಕಟ್ಟಡದ ಹೊರಗಿನಿಂದ ಕರೆಂಟ್ ತೆಗೆದಾಗ ಮಾತ್ರ. ಗ್ರೂಬರ್ ಗಾಬರಿಯಾಗಲಿಲ್ಲ, ಎಫ್‌ಬಿಐಗಾಗಿ ಕಾದ. ಎಫ್‌ಬಿಐ ಬಂದು, ಉಗ್ರರು ಒತ್ತೆ ಹಿಡಿದಾಗ ಕೈಪಿಡಿ ಏನು ಹೇಳುತ್ತದೋ ಅದನ್ನು ಚಾಚೂ ತಪ್ಪದೆ ಪಾಲಿಸಿ ಸುತ್ತಲಿನ ಬೀದಿಗಳ ಕರೆಂಟನ್ನೂ ತೆಗೆಯಿತು. 64 ಕೋಟಿ ಡಾಲರಿನ ಬಾಂಡುಗಳ ಬಾಗಿಲು ತೆರೆಯಿತು. ಇಡೀ ಚಿತ್ರದಲ್ಲಿ ಸರ್ಕಾರದ ಮೇಲೆ ಅಚಲ ಭಕ್ತಿ ಇಟ್ಟವನು ಆ ಕಳ್ಳನೊಬ್ಬನೇ. ಹೆಲಿಕಾಪ್ಟರಿನಲ್ಲಿ ಕೂತ ಎಫ್‌ಬಿಐ ಅಧಿಕಾರಿಗಳು ಒತ್ತೆಯಾಳುಗಳಲ್ಲಿ ಶೇಕಡ 20ರಿಂದ 25ರಷ್ಟು ಹೋದರೆ ಅಡ್ಡಿಯಿಲ್ಲವೆಂದು ಲೆಕ್ಕ ಹಾಕುವುದನ್ನು ನೋಡಿದರೆ, ಬಂದೂಕು ಹಿಡಿದವರೇ ವಾಸಿ ಅನ್ನಿಸುತ್ತದೆ.

ಸರ್ಕಾರ ಹೀಗಿದ್ದ ಮೇಲೆ ಹಾಲಿವುಡ್ ಬರೆದುಕೊಡುವ ಮದ್ದು ಒಂದೇ: ಒಬ್ಬ ಗಂಡಸು, ಒಂದು ಪಿಸ್ತೂಲು, ಕಾನೂನಿನ ಮೇಲೊಂದು ಉಗುಳು. 1971ರ ‘ಡರ್ಟಿ ಹ್ಯಾರಿ’ಯಲ್ಲಿ ಕ್ಲಿಂಟ್ ಈಸ್ಟ್‌ವುಡ್ ಹಂತಕನನ್ನು ಕೊಂದು, ಇಂಥ ಇಲಾಖೆಯ ಸಹವಾಸವೇ ಬೇಡವೆಂದು ಪೊಲೀಸ್ ಬಿಲ್ಲೆಯನ್ನು ನೀರಿಗೆಸೆದ. ಜನ ಶಿಳ್ಳೆ ಹೊಡೆದರು. 1973ರ ಎರಡನೆಯ ಚಿತ್ರದಲ್ಲಿ ಅದೇ ಹ್ಯಾರಿ ಅದೇ ನೌಕರಿಯಲ್ಲಿ ಹಾಜರ್! ಬಿಲ್ಲೆ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಅಷ್ಟೇ ಅಲ್ಲ, ಮೊದಲ ಚಿತ್ರದಿಂದ ಪಾಠ ಕಲಿತವರಂತೆ ಎಳೆಯ ಟ್ರಾಫಿಕ್ ಪೊಲೀಸರು ವಿಚಾರಣೆಯಿಲ್ಲದೆ ಪಾತಕಿಗಳನ್ನು ಕೊಲ್ಲತೊಡಗಿದರೆ ಹ್ಯಾರಿಗೆ ಕೆಂಡದಂಥ ಕೋಪ. ಕಾನೂನನ್ನು ಕೈಗೆತ್ತಿಕೊಳ್ಳುವುದಕ್ಕೂ ಸೀನಿಯಾರಿಟಿ ಬೇಕು ಎಂಬ ಸೇವಾನಿಯಮ ಅವರಿಗೆ ತಿಳಿದಿರಲಿಲ್ಲ.

ಗುಂಡು ಹಾರಿಸದೆಯೂ ಕೆಲಸ ಆಗುತ್ತದೆಂದು ತೋರಿಸಿದವರಿಲ್ಲವೇ? ಇದ್ದಾರೆ, ಪಾಪ. 1957ರ ‘12 ಆ್ಯಂಗ್ರಿ ಮೆನ್’ನಲ್ಲಿ ಜ್ಯೂರಿಯ ಹನ್ನೊಂದು ಜನ ಕೊಲೆಯ ಆರೋಪ ಹೊತ್ತ ಹುಡುಗನೊಬ್ಬನನ್ನು ಸಾವಿಗೆ ಕಳಿಸಿ ಮನೆಗೆ ಹೊರಡಲು ಸಿದ್ಧರು. ಒಬ್ಬನಿಗಂತೂ ಬೇಸ್‌ಬಾಲ್ ಪಂದ್ಯಕ್ಕೆ ಹೊತ್ತಾಗುತ್ತಿದೆ. ಹೆನ್ರಿ ಫೊಂಡಾ ಒಬ್ಬನೇ ಕೂತಲ್ಲೇ ಪ್ರಶ್ನೆ ಕೇಳುತ್ತ ಹೋಗುತ್ತಾನೆ. ಹೆಚ್ಚುಕಡಿಮೆ ಒಂದೇ ಕೋಣೆ, 96 ನಿಮಿಷ, ಹುಡುಗ ಪಾರು. ಥಿಯೇಟರಿನಲ್ಲಿ ಚಿತ್ರ ಪಾರಾಗಲಿಲ್ಲ. ‘ದಿ ಶಾಶಾಂಕ್ ರಿಡೆಂಪ್ಷನ್’ನ ಆ್ಯಂಡಿ ಜೈಲಿನ ಲೈಬ್ರರಿಗೆ ಹಣ ಕೇಳಿ ಸರ್ಕಾರಕ್ಕೆ ವಾರಕ್ಕೊಂದು ಪತ್ರ ಬರೆದ. ಆರು ವರ್ಷದ ಮೇಲೆ 200 ಡಾಲರ್ ಬಂತು. ಅರ್ಜಿ ಹಾಕಿ ಅಲೆದವರಿಗೆ ಇದಕ್ಕಿಂತ ರೋಮಾಂಚಕ ದೃಶ್ಯ ಇನ್ನಾವುದು? ಆದರೆ ಅದೇ 1994ರಲ್ಲಿ ಬಸ್ಸು ಹಾರಿಸಿದವರು ದುಡ್ಡು ಬಾಚಿದರು, ಪತ್ರ ಬರೆಸಿದವರಿಗೆ ಮೊದಲ ಬಿಡುಗಡೆಯಲ್ಲಿ ಹಾಕಿದ ಬಂಡವಾಳವೂ ಮರಳಲಿಲ್ಲ. ಚಿತ್ರ ಟಿವಿಗೆ ಬಂದು, ಟಿಕೆಟ್ ಕೊಳ್ಳಬೇಕಿಲ್ಲ ಎಂದಾದ ಮೇಲೆ ಎಲ್ಲರಿಗೂ ಬಹಳ ಮೆಚ್ಚುಗೆಯಾಯಿತು.

ಆದ್ದರಿಂದ ನನ್ನ ಮಟ್ಟಿಗೆ ಹಾಲಿವುಡ್‌ನ ಸರ್ವಶ್ರೇಷ್ಠ ಪಾತ್ರ ಹೀರೋನೂ ಅಲ್ಲ, ಖಳನೂ ಅಲ್ಲ. 1975ರ ‘ಜಾಸ್’ನ ಅಮಿಟಿ ದ್ವೀಪದ ಮೇಯರ್. ಹುಡುಗಿಯೊಬ್ಬಳನ್ನು ಶಾರ್ಕ್ ತಿಂದಿತು. ಪ್ರವಾಸಿಗರ ಹಂಗಾಮು ಕೆಡಬಾರದೆಂದು ಮೇಯರ್ ಕಡಲತೀರ ಮುಚ್ಚಲು ಬಿಡಲಿಲ್ಲ, ದೋಣಿಯ ಪ್ರೊಪೆಲ್ಲರ್ ತಗುಲಿ ಸತ್ತಿರಬೇಕೆಂದು ಡಾಕ್ಟರು ಮಾತು ಬದಲಿಸಿದರು. ಆಮೇಲೆ ಪುಟ್ಟ ಹುಡುಗನೂ ಹೋದ. ಅವನ ತಾಯಿ ಬಂದು ಕೆನ್ನೆಗೆ ಬಾರಿಸಿದ್ದು, ಮೊದಲೇ ಕಡಲತೀರ ಮುಚ್ಚಬೇಕೆಂದಿದ್ದ ಪೊಲೀಸ್ ಮುಖ್ಯಸ್ಥ ಬ್ರೋಡಿಗೆ. ಮೇಯರ್ ಪಕ್ಕದಲ್ಲೇ ನಿಂತಿದ್ದ. ಚಿತ್ರೀಕರಣದಲ್ಲಿ ಯಂತ್ರದ ಶಾರ್ಕ್ ಉಪ್ಪುನೀರು ತಾಳದೆ ಮತ್ತೆ ಮತ್ತೆ ಕೆಟ್ಟು ಕೂರುತ್ತಿತ್ತಂತೆ. ಮೇಯರ್ ಮಾತ್ರ ಒಂದು ದೃಶ್ಯದಲ್ಲೂ ಕೈಕೊಡಲಿಲ್ಲ.

1978ರಲ್ಲಿ ‘ಜಾಸ್ 2’ ಬಂತು. ಮೊದಲ ಶಾರ್ಕನ್ನು ಕೊಂದು ಊರು ಉಳಿಸಿದ್ದ ಬ್ರೋಡಿ ಮತ್ತೆ ಎಚ್ಚರಿಸಹೋದ. ಪುರಸಭೆ ಅವನನ್ನು ಕೆಲಸದಿಂದ ಕಿತ್ತುಹಾಕಿತು. ಮೊದಲಿನದು ಸತ್ತಿತ್ತಾದ್ದರಿಂದ ಶಾರ್ಕ್ ಹೊಸದು ಬೇಕಾಯಿತು. ಮೇಯರ್ ಹಳೆಯವನೇ ಸಾಕಾದ.